ಜಿಮ್ನೇಸಿಯಂ ಎಂಬ ಶಬ್ದದ ಅರ್ಥಗಳು



1894ರಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದ ಕಿಟೆಲ್ ಪಂಡಿತರು ಜರ್ಮನಿಯ ಔರಿಖ್ ಪಟ್ಟಣದ ಜಿಮ್ನೇಸಿಯಂನಲ್ಲಿ ಓದಿದವರು. ಅವರು ಅಲ್ಲಿ ಕುಸ್ತಿ ಕಲಿತರೆಂದು ಯಾರೂ ಭಾವಿಸಬಾರದು. ಜರ್ಮನರಲ್ಲಿ ಆ ಹೆಸರು ವಿಶ್ವವಿದ್ಯಾಲಯಕ್ಕೆ ಸಿದ್ಧಪಡಿಸುವ ಪ್ರೌಢಶಾಲೆಯದು; ಇಂಗ್ಲಿಷರಲ್ಲಾದರೋ ವ್ಯಾಯಾಮಶಾಲೆಯದು. ಒಂದೇ ಶಬ್ದಕ್ಕೆ ಈ ಎರಡು ಅರ್ಥಗಳು ಹೇಗೆ ಬಂದವು?

ಗ್ರೀಕ್ ಭಾಷೆಯಲ್ಲಿ 'ಗಿಮ್ನೋಸ್' ಎಂದರೆ ಬತ್ತಲೆ. ತರುಣರು ಬಟ್ಟೆ ಕಳಚಿ, ಮೈಗೆ ಎಣ್ಣೆ ಹಚ್ಚಿ ಅಂಗಸಾಧನೆ ಮಾಡುತ್ತಿದ್ದ ಸ್ಥಳವು 'ಗಿಮ್ನಾಸಿಯೋನ್' ಎನಿಸಿತು. ಲ್ಯಾಟಿನಿನ ಜಿಮ್ನೇಸಿಯಂ ಅದರಿಂದಲೇ ಬಂದುದು. ಅಲ್ಲಿ ಓಟದ ಹಾದಿಯೂ ಕುಸ್ತಿಯ ಅಂಗಳವೂ ಇದ್ದಂತೆ, ಕುಳಿತು ಮಾತನಾಡಲು ನೆರಳೂ ಇತ್ತು. ತರುಣರು ಕೂಡಿದಲ್ಲಿಗೆ ಗುರುಗಳೂ ಬಂದರು. ಅಥೆನ್ಸಿನ ಅಕಾಡೆಮಿಯೆಂಬ ವ್ಯಾಯಾಮಸ್ಥಳದ ಬಳಿ ಪ್ಲೇಟೋ ಸುಮಾರು ಕ್ರಿ. ಪೂ. 387ರಲ್ಲಿಯೂ, ಲೈಸಿಯಂ ಎಂಬಲ್ಲಿ ಅರಿಸ್ಟಾಟಲನು ಕ್ರಿ. ಪೂ. 335ರಲ್ಲಿಯೂ ಬೋಧನೆಗೆ ತೊಡಗಿದರು. ಮುಂದೆ ರೋಮಿನ ಸಿಸೆರೋ ತನ್ನ ತೋಟದ ಮನೆಯಲ್ಲಿ ಚರ್ಚೆ ನಡೆಯುವ ತಾಣಗಳನ್ನೇ ಜಿಮ್ನೇಸಿಯಂ ಎಂದು ಕರೆದನು. ಹೀಗೆ ಶಬ್ದವು ಮೈಯಿಂದ ಮನಸ್ಸಿನ ಕಡೆಗೆ ಸರಿಯಿತು. 1538ರಲ್ಲಿ ಯೊಹಾನೆಸ್ ಸ್ಟೂರ್ಮನು ಸ್ಟ್ರಾಸ್‌ಬರ್ಗಿನಲ್ಲಿ ಸ್ಥಾಪಿಸಿದ ಜಿಮ್ನೇಸಿಯಂ ಶುದ್ಧ ವಿದ್ಯಾಶಾಲೆಯೇ ಆಗಿತ್ತು.

ಇಂತಹ ಪಲ್ಲಟವು ನಮ್ಮಲ್ಲಿಯೂ ಉಂಟು. ಮಾಸೂರಿನ ಕಡೆಗೆ ಗರಡಿಯೆಂದರೆ ಕುಸ್ತಿಯ ಮನೆ. ತುಳುನಾಡಿನಲ್ಲಿ ಅದು ವೀರರಾದ ಕೋಟಿ-ಚೆನ್ನಯರ ಆರಾಧನಾಸ್ಥಾನ.

ಆದರೆ ಅಥೆನ್ಸಿನ ಆ ಅಂಗಳಕ್ಕೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಸ್ಪಾರ್ಟಾದಲ್ಲಿ ಮಾತ್ರ ಹುಡುಗಿಯರಿಗೂ ಓಟ, ಕುಸ್ತಿಗಳ ಶಿಕ್ಷಣವಿತ್ತು. ಜರ್ಮನಿಯಲ್ಲಿ ಹುಡುಗಿಯರಿಗಾಗಿ ಮೊದಲ ಜಿಮ್ನೇಸಿಯಂ ಕಾರ್ಲ್ಸ್‌ರೂಹೆಯಲ್ಲಿ ತೆರೆದುದು 1893ರಲ್ಲಿ. ಮೈಯ ಶಾಲೆಯೂ ಮನಸ್ಸಿನ ಶಾಲೆಯೂ ಬಹುಕಾಲ ಅವರಿಗೆ ಮುಚ್ಚಿಯೇ ಇದ್ದವು.

ಈಗ ಮಗಳನ್ನು ಶಾಲೆಗೆ ಕಳುಹಿಸಲು ಹಿಂಜರಿಯುವ ಪಾಲಕರು ವಿರಳ. ಆದರೆ ಅವಳು ದೊಡ್ಡವಳಾದಳೆಂದೋ, ಪರೀಕ್ಷೆ ಸಮೀಪಿಸಿತೆಂದೋ ಆಟವನ್ನು ಬಿಡಿಸುವವರು ಇನ್ನೂ ಇದ್ದಾರೆ. ಅವರು ಬಿಡಿಸುವುದು ವಿದ್ಯೆಯ ಒಂದು ಪಾಲನ್ನೇ. ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ, ರಾಜ್ಯವನ್ನು ಕಾಯುವ ಸ್ತ್ರೀಯರಿಗೂ ಪುರುಷರಂತೆಯೇ ವ್ಯಾಯಾಮ ಮತ್ತು ವಿದ್ಯೆ ಎರಡೂ ಬೇಕೆಂದು ವಾದಿಸಿದನು. ತಾಯಂದಿರೇ, ನಿಮ್ಮ ಮಗಳಿಗೆ ಸಂಜೆ ಒಂದು ತಾಸು ಓಡಲು, ಆಡಲು ಬಿಡಿರಿ. ಅನಂತರ ಪುಸ್ತಕ ಹಿಡಿಯಲಿ. ಈ ಹಳೆಯ ಶಬ್ದದ ಪೂರ್ಣಾರ್ಥವು ಆಗ ಅವಳಿಗೂ ದೊರೆಯುವುದು.