ಜನಗಣತಿಯಲ್ಲಿ ‘ಭಾಷೆ’ ಮತ್ತು ‘ಮಾತೃಭಾಷೆ’: ನೀಲಗಿರಿಯ ಸಾಕ್ಷ್ಯ

ಭಾರತದಲ್ಲಿ ಎಷ್ಟು ಭಾಷೆಗಳಿವೆ ಎಂಬ ಪ್ರಶ್ನೆಗೆ 2011ರ ಜನಗಣತಿಯನ್ನು ಆಧರಿಸಿ 121 ಎಂದು ಉತ್ತರಿಸುವುದು ರೂಢಿ. ಈ ಸಂಖ್ಯೆ ಹೇಗೆ ರೂಪುಗೊಂಡಿದೆ, ಅದನ್ನು ಯಾವ ಎಚ್ಚರದಿಂದ ಬಳಸಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನೀಲಗಿರಿಯ ನಿದರ್ಶನದ ಮೂಲಕ ಪರಿಶೀಲಿಸುತ್ತೇವೆ.

ಗಣತಿಯಲ್ಲಿ ದಾಖಲಾದ ಮಾತೃಭಾಷೆಯ ಹೆಸರುಗಳು 19,569. ಪರಿಷ್ಕರಣೆಯ ಬಳಿಕ ಇವು 1,369 ಮಾತೃಭಾಷೆಗಳಾಗಿ ವರ್ಗೀಕರಣಗೊಂಡವು. 1,474 ಹೆಸರುಗಳು ವರ್ಗೀಕರಣಗೊಳ್ಳದೆ ‘ಇತರೆ’ ಎಂಬಲ್ಲಿ ಸೇರಿದವು. ಅನಂತರ 10,000 ಅಥವಾ ಅದಕ್ಕಿಂತ ಹೆಚ್ಚು ಭಾಷಿಕರಿರುವ ಮಾತೃಭಾಷೆಗಳನ್ನು ಸೂಕ್ತ ‘ಭಾಷೆ’ಗಳ ಅಡಿಯಲ್ಲಿ ತಂದಾಗ ಪರಿಶಿಷ್ಟ ಭಾಷೆಗಳು 22, ಪರಿಶಿಷ್ಟೇತರ ಭಾಷೆಗಳು 99 ಆದವು. ಇಲ್ಲಿ ಎರಡು ಭಿನ್ನ ಪ್ರಕ್ರಿಯೆಗಳಿವೆ: ಒಂದು ಸಂಖ್ಯಾಮಿತಿ, ಇನ್ನೊಂದು ವರ್ಗೀಕರಣ. ಮೊದಲನೆಯದು ಭಾಷೆಯನ್ನು ಪಟ್ಟಿಯಿಂದ ಹೊರಗಿಡುತ್ತದೆ. ಎರಡನೆಯದು ಇನ್ನೊಂದರೊಳಗೆ ವಿಲೀನಗೊಳಿಸುತ್ತದೆ.

ನೀಲಗಿರಿಯಲ್ಲಿ ಇವೆರಡೂ ಒಟ್ಟಿಗೇ ಕಾಣಸಿಗುತ್ತವೆ. ತೋದ, ಕೋತ ಭಾಷೆಗಳು ಸ್ವತಂತ್ರ ದ್ರಾವಿಡ ಭಾಷೆಗಳೆಂಬುದರಲ್ಲಿ ವಿವಾದವಿಲ್ಲ. ಆದರೂ ಸಂಖ್ಯಾಮಿತಿಯ ಕಾರಣದಿಂದ 121ರಲ್ಲಿ ಅವುಗಳಿಗೆ ಸ್ಥಾನವಿಲ್ಲ. ಬಡಗದ ಸ್ಥಿತಿ ಬೇರೆ. ಅದರ ಭಾಷಿಕರು ಸುಮಾರು 1.33 ಲಕ್ಷ. ಸುಮಾರು 1.13 ಲಕ್ಷ ಭಾಷಿಕರಿರುವ ಕೊಡವ ಪ್ರತ್ಯೇಕ ಭಾಷೆಯೆಂದು ಪರಿಗಣಿತವಾಗಿದೆ. ಬಡಗವಾದರೋ ಕನ್ನಡದ ಅಡಿಯಲ್ಲಿ ಒಂದು ಮಾತೃಭಾಷೆಯಾಗಿ ನಿಲ್ಲುತ್ತದೆ. ಆದ್ದರಿಂದ ಇಲ್ಲಿ ನಿರ್ಣಾಯಕವಾದುದು ಸಂಖ್ಯೆಯಲ್ಲ, ವರ್ಗೀಕರಣ.

ಬಡಗ ಕನ್ನಡಕ್ಕೆ ಅತ್ಯಂತ ನಿಕಟವಾದುದೆಂಬುದು ನಿಜ. ಆದರೆ ಎಂ. ಬಿ. ಎಮೆನೋ 1939ರಲ್ಲಿಯೇ ಅದರ ಸ್ವರಗಳಲ್ಲಿ ಸಾಮಾನ್ಯ, ಅರೆಮೂರ್ಧನ್ಯ, ಪೂರ್ಣಮೂರ್ಧನ್ಯ ಎಂಬ ಮೂರು ಹಂತಗಳ ವೈದೃಶ್ಯವನ್ನು ವಿವರಿಸಿದ್ದರು. ಕನ್ನಡದಲ್ಲಿ ಇಂತಹ ಸ್ವರವ್ಯವಸ್ಥೆ ಇಲ್ಲ. ಉಪಭಾಷೆಯೋ ಭಾಷೆಯೋ ಎಂಬ ಪ್ರಶ್ನೆಯನ್ನು ಈ ಒಂದು ಲಕ್ಷಣವೇ ಇತ್ಯರ್ಥಗೊಳಿಸದು. ಆದರೆ ಅದನ್ನು ಗಣತಿಯ ಶೀರ್ಷಿಕೆಯೂ ಇತ್ಯರ್ಥಗೊಳಿಸಲಾರದು.

ವಿಲೀನದ ಪರಿಣಾಮ ಕೇವಲ ಹೆಸರಿಗೆ ಸೀಮಿತವಲ್ಲ. ಮಾತೃಭಾಷಾ ಕೋಷ್ಟಕ ಸಿ-16ರಲ್ಲಿ ಬಡಗ ಕಾಣಿಸಿಕೊಳ್ಳುತ್ತದೆ. ದ್ವಿಭಾಷಿಕತೆಯ ಕೋಷ್ಟಕ ಸಿ-17 ಭಾಷಾವಾರು ಆಗಿರುವುದರಿಂದ ಬಡಗರ ತಮಿಳು ದ್ವಿಭಾಷಿಕತೆ ತಮಿಳುನಾಡಿನ ಇತರ ಕನ್ನಡಿಗರ ದ್ವಿಭಾಷಿಕತೆಯೊಡನೆ ಬೆರೆತುಹೋಗುತ್ತದೆ. ಭಾಷಾಪಲ್ಲಟವನ್ನು ಅಭ್ಯಸಿಸುವವರಿಗೆ ಅತ್ಯಗತ್ಯವಾದ ಮಾಹಿತಿಯೇ ಹೀಗೆ ಮರೆಯಾಗುತ್ತದೆ.

ಆದ್ದರಿಂದ 121 ಎಂಬುದನ್ನು ಭಾಷೆಗಳ ಎಣಿಕೆಯೆಂದಲ್ಲದೆ, ಆಡಳಿತಾತ್ಮಕ ವರ್ಗೀಕರಣದ ಫಲಿತವೆಂದು ಓದಬೇಕೆಂಬುದು ನಮ್ಮ ನಿಲುವು. ಸಂಶೋಧಕರು ‘ಭಾಷೆ’ಯ ಮೊತ್ತಗಳನ್ನು ಉದ್ಧರಿಸುವ ಮುನ್ನ ಅವುಗಳ ಅಡಿಯ ಮಾತೃಭಾಷೆಗಳನ್ನು ಬಿಡಿಸಿ ನೋಡುವುದು, ಯಾವ ಹಂತದ ಅಂಕಿಯನ್ನು ಬಳಸಲಾಗಿದೆ ಎಂಬುದನ್ನು ಸ್ಪಷ್ಟಪಡಿಸುವುದು ಅವಶ್ಯಕ.