ಕರ್ನಲ್‌ನೊಳಗಿನ ನೆಲ್ಲಿತೀರ್ಥ

ನೆಲ್ಲಿತೀರ್ಥ ಎಂದರೆ ಕರಾವಳಿಯವರಿಗೆ ಗುಹೆಯೊಳಗಿನ ದೇವಸ್ಥಾನ ನೆನಪಾಗುತ್ತದೆ. ಲಿನಕ್ಸ್ ಬರೆಯುವವರಿಗೆ ನೆನಪಾಗುವುದೇ ಬೇರೆ. ಇಂಟೆಲ್, ಎಎಂಡಿ ಚಿಪ್ಪುಗಳ ಯಂತ್ರ ನಡುವೆಯೇ ಕುಸಿದು ಬಿದ್ದಾಗ ಏನು ಮಾಡಬೇಕೆಂದು ಹೇಳುವ ಒಂದು ಕಡತ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ‘ಕರ್ನಲ್’ನಲ್ಲಿದೆ. ಹೆಸರು ‘ಕ್ರ್ಯಾಶ್ ಡಾಟ್ ಸಿ’. ತೆರೆದರೆ ನೆತ್ತಿಯಲ್ಲೇ ಬರೆದವರ ಹೆಸರು: ಹರಿಪ್ರಸಾದ್ ನೆಲ್ಲಿತೀರ್ಥ. ಕೆಳಗೆ ಐಬಿಎಂ, 2004. ಇಪ್ಪತ್ತು ವರ್ಷಗಳಲ್ಲಿ ಆ ಕಡತವನ್ನು ಎಷ್ಟೋ ಕೈಗಳು ತಿದ್ದಿವೆ. ಹೆಸರನ್ನು ಯಾರೂ ಅಳಿಸಿಲ್ಲ.

ಪವರ್‌ಪಿಸಿ ಚಿಪ್ಪಿನ ವಿಭಾಗಕ್ಕೆ ಹೋದರೆ ಅನಂತ್ ಎನ್. ಮಾವಿನಕಾಯನಹಳ್ಳಿ ಎಂಬ ಹೆಸರು ಸಿಗುತ್ತದೆ. ಇನ್ನೊಂದು ಕಡೆ ಪ್ರಸನ್ನ ಎಸ್. ಪಂಚಮುಖಿ, ಮತ್ತೊಂದು ಕಡೆ ಅನಿಲ್ ಎಸ್. ಕೇಶವಮೂರ್ತಿ. ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ ತನ್ನ ಕೋಣೆಯಲ್ಲಿ ಕುಳಿತು ಬರೆದ ಕಾರ್ಯಾಚರಣ ವ್ಯವಸ್ಥೆಯ ಹೊಟ್ಟೆಯೊಳಗೆ ಇಂಥ ಹೆಸರುಗಳು ಬಂದು ಸೇರಿದ್ದು ಹೇಗೆ?

ಕಥೆ ಶುರುವಾಗುವುದು ಎರಡು ಹಾರ್ಡ್ ಡಿಸ್ಕ್‌ಗಳಿಂದ. 1991ರ ಸೆಪ್ಟೆಂಬರಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರಬಿಟ್ಟ 0.01 ಆವೃತ್ತಿ ಸುಮಾರು 10,000 ಸಾಲುಗಳ ಪುಟ್ಟ ವಸ್ತು. ಅದರಲ್ಲೂ ‘ಕಾನ್ಫಿಗ್’ ಎಂಬ ಕಡತವೊಂದಿತ್ತು. ಅದರಲ್ಲಿ ಆರಿಸಿಕೊಳ್ಳಲು ಇದ್ದದ್ದು ಎರಡೇ ಡಿಸ್ಕ್: ಒಂದು ಲಿನಸ್‌ನದು, ಇನ್ನೊಂದು ‘ಲಾಸು’ವಿನದು. ಲಾಸು ಎಂದರೆ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಹಪಾಠಿ ಲಾರ್ಸ್ ವಿರ್ಜೆನಿಯಸ್. ಮೂರನೆಯವರು ಯಾರಾದರೂ ಬಳಸಬೇಕೆಂದರೆ ತಾವೇ ಕಡತ ತಿದ್ದಿಕೊಳ್ಳಬೇಕು. ಕೀಲಿಮಣೆಯಂತೂ ಫಿನ್ನಿಶ್ ಭಾಷೆಯದು. ಕೆಲವೇ ತಿಂಗಳಲ್ಲಿ ಅಮೆರಿಕ, ಜರ್ಮನಿ, ಫ್ರಾನ್ಸಿನ ಕೀಲಿಮಣೆಗಳೂ ಪಟ್ಟಿಗೆ ಸೇರಿದವು. ಬೇಕಾದ ಸಾಲನ್ನು ಇಟ್ಟುಕೊಂಡು ಬೇಡದ್ದಕ್ಕೆ ಟಿಪ್ಪಣಿಯ ಗುರುತು ಹಾಕಿದರೆ ಮುಗಿಯಿತು. ಕರ್ನಲ್ ಸಂಯೋಜನೆ ಎಂಬ ಇವತ್ತಿನ ಮಹಾ ಉದ್ಯೋಗದ ಹುಟ್ಟು ಇಷ್ಟೇ.

ಇವತ್ತು ಆ ಪಟ್ಟಿಯಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಆಯ್ಕೆಗಳಿವೆ. ಹೆಚ್ಚಿನವಕ್ಕೆ ಕೊಡಬೇಕಾದ ಉತ್ತರ: ಬೇಕು ಅಥವಾ ಬೇಡ. ಡ್ರೈವರ್‌ಗಳಿಗಾದರೆ ಮೂರನೆಯ ಉತ್ತರವೂ ಉಂಟು, ‘ಮಾಡ್ಯೂಲ್’. ಅಂದರೆ ಡ್ರೈವರ್ ಬೇರೆ ಕಡತವಾಗಿ ಡಿಸ್ಕಿನಲ್ಲಿ ಕುಳಿತಿರಲಿ, ಅದರ ಸಾಧನವನ್ನು ಜೋಡಿಸಿದಾಗ ಮಾತ್ರ ಒಳಗೆ ಬರಲಿ ಎಂದರ್ಥ. ಪ್ರಿಂಟರ್, ವೈಫೈ ಚಿಪ್ಪು, ಕ್ಯಾಮೆರಾ, ಟಚ್ ಪರದೆ ಎಲ್ಲಕ್ಕೂ ಒಂದೊಂದು ಡ್ರೈವರ್ ಬೇಕು. ಸಾಧನದ ಭಾಷೆ ಕರ್ನಲ್‌ಗೆ, ಕರ್ನಲ್‌ನ ಭಾಷೆ ಸಾಧನಕ್ಕೆ ತಿಳಿಯುವುದು ಅದರ ಮೂಲಕವೇ. 2025ರ ಆರಂಭದಲ್ಲಿ ಕರ್ನಲ್ 4 ಕೋಟಿ ಸಾಲು ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡ್ರೈವರ್‌ಗಳದ್ದು.

ಇಷ್ಟೊಂದು ಪ್ರಶ್ನೆಗಳನ್ನು ಕೇಳುವ ಕ್ರಮದ ಬಗೆಗೇ ಒಂದು ಜಗಳ ನಡೆದುಹೋಯಿತು. ಮೊದಮೊದಲು ‘ಮೇಕ್ ಕಾನ್ಫಿಗ್’ ಎಂದರೆ ಒಂದಾದ ಮೇಲೊಂದು ಪ್ರಶ್ನೆ. ನಡುವೆ ಒಂದು ತಪ್ಪು ಒತ್ತಿದರೆ ಮೊದಲಿಂದ ಶುರು. ಎರಿಕ್ ರೇಮಂಡ್ ಎಂಬ ಪ್ರಸಿದ್ಧ ಬರಹಗಾರ 2000ದ ಸುಮಾರಿಗೆ ಇದಕ್ಕೆ ಪರಿಹಾರ ಹಿಡಿದು ಬಂದರು. ಜಾಣ ವ್ಯವಸ್ಥೆಯೇ, ಆದರೆ ಪೈಥಾನ್‌ನಲ್ಲಿ ಬರೆದದ್ದು, ಎಲ್ಲವನ್ನೂ ಒಂದೇ ಸಲ ಬದಲಿಸಬೇಕೆನ್ನುವುದು. ಕರ್ನಲ್ ಬಳಗ ಒಪ್ಪಲಿಲ್ಲ. 2002ರ ಅಕ್ಟೋಬರಿನಲ್ಲಿ ರೋಮನ್ ಜಿಪ್ಪೆಲ್ ಎಂಬವರ ‘ಕೆಕಾನ್ಫಿಗ್’ ಸದ್ದಿಲ್ಲದೆ ಒಳಗೆ ಸೇರಿತು. ಇಂದಿಗೂ ಅದೇ ನಡೆಯುತ್ತಿದೆ. ಹೆಸರು ಮಾಡಿದವರ ದೊಡ್ಡ ಯೋಜನೆಗಿಂತ ಹೆಸರಿಲ್ಲದವರ ಹೊಂದಿಕೊಳ್ಳುವ ಕೋಡು ಗೆದ್ದ ಉದಾಹರಣೆ ಈ ಬಳಗದಲ್ಲಿ ಇದೊಂದೇ ಅಲ್ಲ.

ಇನ್ನು ಆ ಹೆಸರುಗಳ ಕಥೆ. ಬೆಂಗಳೂರಿಗೆ ಲಿನಕ್ಸ್ ಮನೆಮಾತಾಗಿ ಬಂದದ್ದು ಸಿ.ಡಿ. ರೂಪದಲ್ಲಿ. ಇಂಟರ್ನೆಟ್ ಇನ್ನೂ ಕೈಗೆಟುಕದ ಕಾಲ. 1996ರ ಮಾರ್ಚ್‌ನಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆ ಸ್ಲ್ಯಾಕ್‌ವೇರ್ ಲಿನಕ್ಸ್‌ನ ಸಿ.ಡಿ.ಯನ್ನು ಸಂಚಿಕೆಯ ಜೊತೆಗೇ ಕೊಟ್ಟಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ತಮ್ಮ ಯಂತ್ರದ ಸೌಂಡ್ ಕಾರ್ಡು ಯಾವುದು, ಡಿಸ್ಪ್ಲೇ ಕಾರ್ಡು ಯಾವುದು ಎಂದು ಪೆಟ್ಟಿಗೆ ಬಿಚ್ಚಿ ನೋಡಿ, ಕರ್ನಲ್ ಅನ್ನು ರಾತ್ರಿಯೆಲ್ಲ ಕಂಪೈಲ್ ಮಾಡಿ, ಬೆಳಗ್ಗೆ ಬೂಟ್ ಆಗದೆ ಕಂಗಾಲಾದ ಒಂದು ತಲೆಮಾರು ಆ ಸಿ.ಡಿ.ಗಳಿಂದ ತಯಾರಾಯಿತು. 2001ರಲ್ಲಿ ಚಿಟ್ನಿಸ್ ಮತ್ತು ಗೆಳೆಯರು ‘ಲಿನಕ್ಸ್ ಬೆಂಗಳೂರು’ ಸಮಾವೇಶ ಶುರುಮಾಡಿದರು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಆಯಿತು. ಜರ್ಮನಿಯ ಹೆರಾಲ್ಡ್ ವೆಲ್ಟೆಯಂಥ ಕರ್ನಲ್ ಪರಿಣತರು ಅಲ್ಲಿಗೆ ಮತ್ತೆ ಮತ್ತೆ ಬಂದರು. ಬಳಸಿದ್ದು ಸಾಕು, ಬರೆಯುವವರಾಗಿ ಎಂಬುದು ಆ ಸಮಾವೇಶದ ಕೊನೆಯ ವರ್ಷಗಳ ಹಟವಾಗಿತ್ತು. 2012ರಲ್ಲಿ ಅದು ನಿಂತಿತು. ಮರುವರ್ಷ ಜೂನ್‌ನಲ್ಲಿ ಚಿಟ್ನಿಸ್ ತೀರಿಕೊಂಡರು.

ಬರೆಯುವವರು ಆ ಸಮಾವೇಶದ ಮೊದಲ ವರ್ಷಗಳ ಹೊತ್ತಿಗೇ ಬೆಂಗಳೂರಿನ ಐಬಿಎಂ ಪ್ರಯೋಗಾಲಯದಲ್ಲಿ ಕೆಲಸ ಶುರುಮಾಡಿದ್ದರು. ಅವರಿಗೆ ಎದುರಾದದ್ದು ಎಲ್ಲ ಡ್ರೈವರ್ ಬರೆಯುವವರ ಹಳೆಯ ತಲೆನೋವು. ನಡೆಯುತ್ತಿರುವ ಕರ್ನಲ್ ಒಳಗೆ ಏನಾಗುತ್ತಿದೆ ಎಂದು ನೋಡಬೇಕಾದರೆ ಕೋಡಿಗೆ ಮುದ್ರಣದ ಸಾಲು ಸೇರಿಸಿ, ಮತ್ತೆ ಕಂಪೈಲ್ ಮಾಡಿ, ಮತ್ತೆ ಬೂಟ್ ಮಾಡಬೇಕು. ಹಣಕಾಸು ವ್ಯವಹಾರ ನಡೆಸುವ ಸರ್ವರ್ ಅನ್ನು ಹಾಗೆ ಪದೇ ಪದೇ ಆರಿಸಿ ಹೊತ್ತಿಸಲು ಯಾರು ಬಿಡುತ್ತಾರೆ? 2002ರ ಅಕ್ಟೋಬರಿನಲ್ಲಿ ವಂಶಿ ಕೃಷ್ಣ ಎಸ್. ಬರೆದ ‘ಕೆಪ್ರೋಬ್ಸ್’ ಇದಕ್ಕೆ ಉತ್ತರ. ನೋಡಬೇಕಾದ ಜಾಗದ ಆದೇಶವನ್ನು ತೆಗೆದಿಟ್ಟು, ಅಲ್ಲಿ ಒಂದು ತಡೆ ಇಡುವುದು. ಕರ್ನಲ್ ಅಲ್ಲಿಗೆ ಬಂದು ಎಡವಿದಾಗ ಬೇಕಾದ ವಿವರ ಬರೆದುಕೊಳ್ಳುವುದು. ಆಮೇಲೆ ತೆಗೆದಿಟ್ಟ ಆದೇಶವನ್ನು ನಡೆಸಿ ದಾರಿ ಬಿಡುವುದು. ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಹೊತ್ತಿನ ಕೆಲಸ, ಯಂತ್ರ ನಿಲ್ಲುವುದಿಲ್ಲ. 2004ರಲ್ಲಿ 2.6.9 ಆವೃತ್ತಿಯೊಂದಿಗೆ ಅದು ಮುಖ್ಯ ಕರ್ನಲ್ ಸೇರಿತು. ಅದೇ ವರ್ಷ ಪಂಚಮುಖಿ ಅದನ್ನು ಪರಿಷ್ಕರಿಸಿದರು, ಸುಪರ್ಣಾ ಭಟ್ಟಾಚಾರ್ಯ ಇನ್ನೊಂದು ಸೌಲಭ್ಯ ಸೇರಿಸಿದರು, ಮಾವಿನಕಾಯನಹಳ್ಳಿ ಅದನ್ನು ಪವರ್‌ಪಿಸಿಗೆ ಒಗ್ಗಿಸಿದರು. ಮುಂದಿನ ವರ್ಷ ಇಂಟೆಲ್‌ನ ಕೇಶವಮೂರ್ತಿ ಸಹೋದ್ಯೋಗಿಯೊಬ್ಬರ ಜೊತೆ ಇಟೇನಿಯಂ ಚಿಪ್ಪಿಗೆ ತಂದರು.

ನೆಲ್ಲಿತೀರ್ಥ ಅವರ ಕಡತದ ಸಂಗತಿ ಇನ್ನೂ ಸೊಗಸಾದದ್ದು. ಕರ್ನಲ್ ಸತ್ತರೆ ಸತ್ತ ಕಾರಣವನ್ನು ಬರೆದಿಡುವವರು ಯಾರು? ಸತ್ತ ಕರ್ನಲ್‌ನ ಡಿಸ್ಕ್ ಡ್ರೈವರ್ ಅನ್ನು ನಂಬುವಂತಿಲ್ಲ, ಸಾವಿಗೆ ಅದೇ ಕಾರಣವಿರಬಹುದು. ಅದಕ್ಕೆ ಮೆಮೊರಿಯ ಒಂದು ಮೂಲೆಯಲ್ಲಿ ಮೊದಲೇ ಎರಡನೇ ಕರ್ನಲ್ ಒಂದನ್ನು ಮಲಗಿಸಿಡುತ್ತಾರೆ. ಮೊದಲನೆಯದು ಬಿದ್ದ ಕೂಡಲೇ ಇದು ಏಳುತ್ತದೆ, ಬಿದ್ದದ್ದರ ಮೆಮೊರಿಯನ್ನೆಲ್ಲ ಡಿಸ್ಕಿಗೆ ಬರೆಯುತ್ತದೆ. 2005ರಲ್ಲಿ ಬಂದ ‘ಕೆಡಂಪ್’ ಎಂದರೆ ಇದೇ. ಕೇಳಲು ಸುಲಭ. ಆದರೆ ಎದ್ದ ಕರ್ನಲ್‌ನ ಡ್ರೈವರ್‌ಗಳಿಗೆ ಸಿಗುವುದು ಅರ್ಧ ಕೆಲಸದಲ್ಲಿರುವ ಡಿಸ್ಕು, ಮಾತಿನ ಮಧ್ಯದಲ್ಲಿರುವ ನೆಟ್‌ವರ್ಕ್ ಕಾರ್ಡು. ಯಾರೂ ಅವನ್ನು ಕ್ರಮವಾಗಿ ಆರಿಸಿರುವುದಿಲ್ಲ. ಮೊದಲು ಸಾಧನವನ್ನು ಗದರಿಸಿ ತಹಬಂದಿಗೆ ತಂದು ಆಮೇಲೆ ಕೆಲಸ ಹಚ್ಚಬೇಕು ಎಂದು ಎಷ್ಟೋ ಡ್ರೈವರ್‌ಗಳನ್ನು ಒಂದೊಂದಾಗಿ ತಿದ್ದಬೇಕಾಯಿತು.

ಐಬಿಎಂ ಸರ್ವರ್ ಕಡೆಗೆ ದುಡಿಯುತ್ತಿದ್ದರೆ, 1985ರಿಂದಲೇ ಬೆಂಗಳೂರಿನಲ್ಲಿ ಬೇರೂರಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರದು ಅಂಗೈ ಮೇಲಿನ ಯಂತ್ರಗಳ ಲೋಕ. ಅಲ್ಲಿ ಅವಾಂತರವೋ ಅವಾಂತರ. ಮೊಬೈಲಿಗೆ ಬಳಸುವ ಆರ್ಮ್ ಚಿಪ್ಪುಗಳನ್ನು ಮಾಡುವ ಕಂಪನಿಗಳು ಹಲವಾರು, ಪ್ರತಿ ಬೋರ್ಡಿಗೂ ಬೇರೆ ಸಂಯೋಜನೆಯ ಕಡತ. 2010ರಲ್ಲಿ ಟೊರ್ವಾಲ್ಡ್ಸ್ ಎಣಿಸಿ ನೋಡಿದಾಗ ಅಂಥ 177 ಕಡತಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಸಾಲುಗಳಿದ್ದವು. ಎಲ್ಲವನ್ನೂ ಕಿತ್ತೆಸೆಯುತ್ತೇನೆ ಎಂದು ಬೆದರಿಸಿದರು. 2011ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಒಮ್ಯಾಪ್ ಚಿಪ್ಪಿನ ಬದಲಾವಣೆಗಳು ಬಂದಾಗ ಇಡೀ ಆರ್ಮ್ ಬಳಗವನ್ನೇ ಬಾಯಿಗೆ ಬಂದಂತೆ ಬೈದರು. ಬೈಗುಳ ಅಚ್ಚು ಮಾಡುವಂಥದ್ದಲ್ಲ, ಆದರೆ ಕೆಲಸಕ್ಕೆ ಬಂತು. ಬೋರ್ಡಿನ ವಿವರಗಳನ್ನು ಕೋಡಿನಿಂದ ಹೊರತೆಗೆದು ‘ಡಿವೈಸ್ ಟ್ರೀ’ ಎಂಬ ಬೇರೆ ಕಡತದಲ್ಲಿ ಬರೆಯುವುದು ರೂಢಿಯಾಯಿತು. 2012ರ ಡಿಸೆಂಬರಿನ 3.7 ಆವೃತ್ತಿಯಿಂದ ಒಂದೇ ಕರ್ನಲ್ ಬೇರೆ ಬೇರೆ ಕಂಪನಿಗಳ ಆರ್ಮ್ ಬೋರ್ಡುಗಳಲ್ಲಿ ಏಳತೊಡಗಿತು.

ಟೆಕ್ಸಾಸ್‌ನ ಭಾರತದ ತಂಡದ ಸೇಖರ್ ನೋರಿ ‘ಡಾವಿಂಚಿ’ ಚಿಪ್ಪುಗಳ ಪಾಲಕರಾಗಿ ಇಂಥ ಬದಲಾವಣೆಗಳನ್ನು ವರ್ಷಗಟ್ಟಲೆ ನೋಡಿಕೊಂಡರು. ಅದೇ ಕಂಪನಿಯ ಕಿಶೋನ್ ವಿಜಯ್ ಅಬ್ರಹಾಂ ಬರೆದದ್ದು ಇನ್ನೊಂದು ಬಗೆಯ ಕೆಲಸ. ಯುಎಸ್‌ಬಿ, ಸಾಟಾ, ಪಿಸಿಐ ಎಲ್ಲಕ್ಕೂ ತಂತಿಯ ತುದಿಯಲ್ಲಿ ವಿದ್ಯುತ್ ಸಂಕೇತ ನೋಡಿಕೊಳ್ಳುವ ‘ಫೈ’ ಎಂಬ ಭಾಗವಿರುತ್ತದೆ. ಅದನ್ನು ನಡೆಸುವ ಕೋಡನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಡ್ರೈವರಿನಲ್ಲಿ ತಮಗೆ ತೋಚಿದಂತೆ ಬರೆದುಕೊಳ್ಳುತ್ತಿದ್ದರು. ಎಲ್ಲರಿಗೂ ಸಾಮಾನ್ಯವಾದ ಒಂದು ಚೌಕಟ್ಟನ್ನು ಅವರು 2013ರಲ್ಲಿ ಕಟ್ಟಿದರು. ಇವತ್ತು ಲಿನಕ್ಸ್ ಕರ್ನಲ್‌ನಲ್ಲಿ ಅದಕ್ಕಾಗಿಯೇ ಒಂದು ದೊಡ್ಡ ವಿಭಾಗವಿದೆ. ಇಂಥ ಕೆಲಸಕ್ಕೆ ಸುದ್ದಿಗೋಷ್ಠಿ ಕರೆಯುವುದಿಲ್ಲ.

ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಅಂಗಡಿಯಲ್ಲಿ ಗ್ರಾಹಕರು ಕ್ಯೂಆರ್ ಕೋಡಿಗೆ ಹಿಡಿಯುವ ಆಂಡ್ರಾಯ್ಡ್ ಫೋನಿನಲ್ಲೂ ಇದೇ ಕರ್ನಲ್. ಆದರೆ ಅದು ಪೂರ್ತಿ ಇದೇ ಅಲ್ಲ ಎಂಬಲ್ಲಿ ತಕರಾರು ಇದೆ. ಚಿಪ್ಪು ಮಾಡುವವರು ತಮ್ಮ ಡ್ರೈವರ್‌ಗಳನ್ನು ಮುಖ್ಯ ಕರ್ನಲ್‌ಗೆ ಕಳಿಸದೆ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ. ಕರ್ನಲ್ ಮುಂದೆ ಹೋದಂತೆ ಈ ಡ್ರೈವರ್‌ಗಳು ಹಿಂದೆ ಉಳಿಯುತ್ತವೆ. ತೆಂಗಿನ ಸಸಿ ನೆಟ್ಟವರೇ ಬೇಸಿಗೆಯಲ್ಲಿ ಊರು ಬಿಟ್ಟ ಹಾಗೆ. ಯಂತ್ರ ಗಟ್ಟಿಮುಟ್ಟಾಗಿದ್ದರೂ ಮೂರು ನಾಲ್ಕು ವರ್ಷಕ್ಕೆ ಫೋನಿಗೆ ಹೊಸ ಆವೃತ್ತಿ ಬರುವುದು ನಿಂತುಹೋಗಲು ಒಂದು ಮುಖ್ಯ ಕಾರಣ ಇದು. ಆಂಡ್ರಾಯ್ಡ್ 12 ಮತ್ತು 5.10 ಕರ್ನಲ್‌ನೊಂದಿಗೆ ಬಂದ ಫೋನುಗಳಿಂದ ಗೂಗಲ್ ನಿಯಮ ಬದಲಿಸಿತು: ತಿರುಳಿನ ಕರ್ನಲ್ ಎಲ್ಲ ಕಂಪನಿಗೂ ಒಂದೇ, ಅದರ ಸಂಯೋಜನೆಯ ಕಡತವೂ ಒಂದೇ, ಚಿಪ್ಪಿನವರ ಡ್ರೈವರ್‌ಗಳೆಲ್ಲ ಮಾಡ್ಯೂಲ್ ಆಗಿ ಹೊರಗಿರಬೇಕು. ಅರ್ಧ ಪರಿಹಾರ. ಉಳಿದರ್ಧ ಕಂಪನಿಗಳ ಮನಸ್ಸಿನಲ್ಲಿದೆ.

ಮುಖ್ಯ ಕರ್ನಲ್ ಸೇರಿದ ಮಾತ್ರಕ್ಕೆ ಚಿರಂಜೀವಿ ಎಂದೇನೂ ಇಲ್ಲ. ‘ಮೇಂಟೇನರ್ಸ್’ ಎಂಬ ಕಡತದಲ್ಲಿ ಪ್ರತಿ ಭಾಗಕ್ಕೂ ನೋಡಿಕೊಳ್ಳುವವರ ಹೆಸರಿರುತ್ತದೆ. ಯಾರೂ ಇಲ್ಲದಿದ್ದರೆ ‘ಆರ್ಫನ್’, ಅಂದರೆ ಅನಾಥ ಎಂದು ಬರೆಯುತ್ತಾರೆ. 2019ರಲ್ಲಿ ಫ್ಲಾಪಿ ಡ್ರೈವರಿಗೆ ಆ ಗತಿ ಬಂತು. ಪರೀಕ್ಷಿಸಲು ಪಾಲಕರ ಬಳಿ ಕೆಲಸ ಮಾಡುವ ಫ್ಲಾಪಿ ಡ್ರೈವೇ ಉಳಿದಿರಲಿಲ್ಲ. ಆಮೇಲೆ ಡೆನಿಸ್ ಎಫ್ರೆಮೊವ್ ಎಂಬವರು ಅದನ್ನು ದತ್ತು ತೆಗೆದುಕೊಂಡರು. ಟೊರ್ವಾಲ್ಡ್ಸ್ ಲಿನಕ್ಸ್ ಬರೆದ 386 ಚಿಪ್ಪಿನ ಬೆಂಬಲವನ್ನೇ 2012ರ ಕೊನೆಯಲ್ಲಿ ಕಿತ್ತುಹಾಕಿದರು. 2023ರಲ್ಲಿ ಡಾವಿಂಚಿಯ ಹಳೆಯ ಬೋರ್ಡುಗಳು ಹೋದವು. 2024ರ ಜನವರಿಯಲ್ಲಿ ಬಂದ 6.7 ಆವೃತ್ತಿಯಲ್ಲಿ ಇಟೇನಿಯಂ ಪೂರ್ತಿ ಹೋಯಿತು, ಕೇಶವಮೂರ್ತಿ ಬರೆದ ಕಡತವೂ ಅದರೊಂದಿಗೆ. ಸುಪರ್ಣಾ ಸೇರಿಸಿದ ಸೌಲಭ್ಯವನ್ನು 2018ರಲ್ಲೇ ತೆಗೆದಿದ್ದರು. ಕೋಡು ಹೋದರೂ ಕೆಪ್ರೋಬ್ಸ್ ಕಡತದ ನೆತ್ತಿಯಲ್ಲಿ ಸುಪರ್ಣಾ ಅವರ ಹೆಸರು, ಕೆಲಸ, ತಿಂಗಳು ಹಾಗೇ ಇವೆ. ಕೆಪ್ರೋಬ್ಸ್ ಮಾತ್ರ ದಿನೇ ದಿನೇ ಬಲಿತಿದೆ. ಇವತ್ತು ಸರ್ವರ್‌ಗಳನ್ನು ಕಾಯುವ ಇಬಿಪಿಎಫ್ ಸಾಧನಗಳಲ್ಲಿ ಎಷ್ಟೋ ಅದರ ಮೇಲೆ ನಿಂತಿವೆ.

ಇಂಥ ಕೋಡು ಬರೆಯುವ ಮುಂದಿನ ತಲೆಮಾರು ಎಲ್ಲಿಂದ ಬರಬೇಕು? ಗಡಿಯಾಚೆಯ ಕಾಸರಗೋಡಿನಲ್ಲಿ ಕನ್ನಡದ ಮಕ್ಕಳು ಲಿನಕ್ಸ್ ಅನ್ನು ಪಾಠವಾಗಿಯೇ ಕಲಿಯುತ್ತಾರೆ. ಕೇರಳದ ‘ಕೈಟ್’ ಸಂಸ್ಥೆ ಉಬುಂಟು ಆಧಾರದ ಮೇಲೆ ತನ್ನದೇ ಲಿನಕ್ಸ್ ರೂಪಿಸಿ ಶಾಲೆಗಳಿಗೆ ಕೊಡುತ್ತದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಪಠ್ಯ ಕನ್ನಡದಲ್ಲೇ ಸಿಗುತ್ತದೆ.

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಕಡೆಯಿಂದ ಇಂಜಿನಿಯರಿಂಗ್ ಓದಲು ಹೋಗುವವರು ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವ ಬದಲು ಒಂದು ಕೆಲಸ ಮಾಡಬಹುದು. ಕರ್ನಲ್‌ನಲ್ಲಿ ‘ಸ್ಟೇಜಿಂಗ್’ ಎಂಬ ವಿಭಾಗವಿದೆ, ಇನ್ನೂ ಪಕ್ವವಾಗದ ಡ್ರೈವರ್‌ಗಳನ್ನು ಇಡುವ ಜಾಗ. ಅಲ್ಲಿ ಡ್ರೈವರಿನ ಜೊತೆಗೇ ಇನ್ನೇನು ಕೆಲಸ ಬಾಕಿ ಇದೆ ಎಂಬ ಚೀಟಿಯೂ ಇರುತ್ತದೆ. ಒಂದನ್ನು ಆರಿಸಿ, ಓದಿ, ತಿದ್ದಿ, ಕಳಿಸಿ. ಮೊದಲ ಸಲ ವಾಪಸ್ ಬರುತ್ತದೆ, ಎರಡನೇ ಸಲವೂ ಬರಬಹುದು. ಒಪ್ಪಿಕೊಂಡ ದಿನ ಅದರ ಕೆಳಗೆ ನಿಮ್ಮ ಹೆಸರಿರುತ್ತದೆ, ಕಾಲೇಜಿನದ್ದಲ್ಲ.