ಬೇಸಗೆಯ ರಜೆಯೂ ಪ್ರಯೋಗಶಾಲೆಯೂ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1907ರಲ್ಲಿ 370 ಎಕರೆಗೂ ಮಿಕ್ಕ ಭೂಮಿಯನ್ನಿತ್ತುದು ಮೈಸೂರು ಸಂಸ್ಥಾನವು. 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಮೊದಲ ವಿಭಾಗಗಳಲ್ಲಿ ರಸಾಯನಶಾಸ್ತ್ರವೂ ಒಂದು. ಜೀವರಸಾಯನಶಾಸ್ತ್ರದ ವಿಭಾಗವು 1921ರಲ್ಲಿ ಹುಟ್ಟಿತು. ಸಂಸ್ಥಾನದ ಬೊಕ್ಕಸಕ್ಕೆ ಆಗಿನ ಕಡೂರು ಜಿಲ್ಲೆಯ ರೈತನೂ ಕಂದಾಯ ತೆತ್ತವನೇ. ಆದುದರಿಂದ ಅಂಥ ಪ್ರಯೋಗಶಾಲೆಗಳಲ್ಲಿ ಅಂತರಘಟ್ಟೆಯ ಮಕ್ಕಳಿಗೂ ಸ್ಥಳವಿರಬೇಕೆಂದು ಕೇಳುವ ಹಕ್ಕು ನಮಗುಂಟು.

ಬಾಗಿಲೇನೋ ತೆರೆದೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ, ಪ್ರಯಾಗಗಳ ಅಕಾಡೆಮಿಗಳೊಡಗೂಡಿ ಕಾಲೇಜು ವಿದ್ಯಾರ್ಥಿಗಳಿಗೆ ಬೇಸಗೆಯ ಸಂಶೋಧನಾ ವೇತನಗಳನ್ನು ಕೊಡುತ್ತ ಬಂದಿದೆ. ಆಯ್ಕೆಯಾದವರು ಎರಡು ತಿಂಗಳ ಕಾಲ ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡುವರು. 1989ರಲ್ಲಿ ಆರಂಭವಾದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂಥ ಅವಕಾಶಗಳನ್ನು ಕಲ್ಪಿಸಿದೆ.

ಎರಡು ತಿಂಗಳಲ್ಲಿ ಕಲಿಯುವುದೇನೆಂದು ಕೆಲವರು ಕೇಳಬಹುದು. ಕಾಲೇಜಿನ ಪ್ರಯೋಗಗಳಲ್ಲಿ ಉತ್ತರವು ಮೊದಲೇ ಗೊತ್ತಿರುತ್ತದೆ. ಹುಡುಗನು ಅದಕ್ಕೆ ಹೊಂದುವ ಅಂಕಿಯನ್ನು ರೆಕಾರ್ಡು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಾನೆ. ಸಂಶೋಧನೆಯಲ್ಲಾದರೋ ಗುರುವಿಗೂ ಉತ್ತರ ತಿಳಿಯದು. ಮೂರು ಸಲ ಮಾಡಿದ ಪ್ರಯೋಗ ಮೂರು ಫಲಗಳನ್ನು ಕೊಟ್ಟರೆ, ತಪ್ಪು ದ್ರಾವಣದಲ್ಲಿಯೋ ಉಷ್ಣಮಾನದಲ್ಲಿಯೋ ತನ್ನ ಕೈಯಲ್ಲಿಯೋ ಎಂದು ಹುಡುಕಬೇಕಾಗುತ್ತದೆ. ಕಂಡುದನ್ನು ಕಂಡಂತೆಯೇ ಬರೆಯುವ ಈ ಅಭ್ಯಾಸವೇ ವಿದ್ಯೆಯ ತಿರುಳು.

ಅಜ್ಜಂಪುರದ ಸೀಮೆಯಲ್ಲಿ ಬೆಳೆಯುವ ಈರುಳ್ಳಿಯನ್ನೇ ನೋಡಿರಿ. ಅದನ್ನು ಹೆಚ್ಚಿದಾಗ, ಜೀವಕೋಶದಲ್ಲಿ ಬೇರೆಬೇರೆಯಾಗಿದ್ದ ಗಂಧಕಯುಕ್ತ ವಸ್ತುವೂ ಕಿಣ್ವವೂ ಒಂದುಗೂಡಿ ಕಣ್ಣೀರು ಬರಿಸುವ ಆವಿ ಹುಟ್ಟುತ್ತದೆ. ಇದಕ್ಕೆ ಒಂದೇ ಕಿಣ್ವ ಸಾಕೆಂದು ವಿದ್ವಾಂಸರು ಬಹುಕಾಲ ತಿಳಿದಿದ್ದರು. ಎರಡನೆಯದೊಂದು ಬೇಕೆಂಬುದನ್ನು ಜಪಾನಿನ ಸಂಶೋಧಕರು 2002ರಲ್ಲಿ ಸಾಧಿಸಿದರು. ಅಡಿಗೆಮನೆಯ ಗಡ್ಡೆಯಲ್ಲಿಯೇ ಇಷ್ಟು ರಹಸ್ಯವಿದ್ದಿತು. ನಮ್ಮ ಅಡಿಕೆಯ ಚೊಗರಿನಲ್ಲಿ, ಕೊಳವೆಬಾವಿಯ ನೀರಿನಲ್ಲಿ ಕೇಳತಕ್ಕ ಪ್ರಶ್ನೆಗಳು ಕಡಿಮೆಯೇನು?

ಅಡ್ಡಿಯಿರುವುದು ಹಳ್ಳಿಗೂ ಆ ಬಾಗಿಲಿಗೂ ನಡುವಣ ದಾರಿಯಲ್ಲಿ. ಬೇಸಗೆಯ ಕೆಲಸಕ್ಕೆ ಅರ್ಜಿಯನ್ನು ತಿಂಗಳುಗಳ ಮೊದಲೇ ಕಳುಹಿಸಬೇಕು. ತಾನು ಮಾಡಬಯಸುವುದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಅಧ್ಯಾಪಕರ ಶಿಫಾರಸೂ ಬೇಕು. ಸುದ್ದಿಯೇ ತಿಳಿಯದ ಜಾಣನು ರಜೆಯಲ್ಲಿ ತೋಟಕ್ಕೆ ನೀರು ಕಟ್ಟುತ್ತಾನೆ. ಜಾಣೆಯನ್ನು ದೂರದ ಊರಿಗೆ ಕಳುಹಿಸಲು ತಂದೆತಾಯಿಗಳು ಅಂಜುತ್ತಾರೆ.

ಕಡೂರು, ತರೀಕೆರೆಗಳ ಕಾಲೇಜು ಅಧ್ಯಾಪಕರಲ್ಲಿ ನಮ್ಮ ಬಿನ್ನಹವಿಷ್ಟೆ. ವರ್ಷಾರಂಭದಲ್ಲಿಯೇ ಈ ವಿಷಯವನ್ನು ತರಗತಿಯಲ್ಲಿ ತಿಳಿಸಿರಿ; ಅರ್ಜಿಯನ್ನು ಜೊತೆಗೆ ಕುಳಿತು ತಿದ್ದಿರಿ; ಹೆಣ್ಣುಮಕ್ಕಳ ಮನೆಗೆ ಹೋಗಿ ಹಿರಿಯರಿಗೆ ಧೈರ್ಯ ಹೇಳಿರಿ. ಆಯ್ಕೆಯಾಗದವರಿಗೆ ಕಾಲೇಜಿನಲ್ಲಿಯೇ ಒಂದು ಸಣ್ಣ ಪ್ರಶ್ನೆಯನ್ನು ಕೊಟ್ಟು, ಪ್ರಯೋಗಶಾಲೆಯ ಬೀಗದ ಕೈಯನ್ನು ರಜೆಯಲ್ಲಿಯೂ ಒಪ್ಪಿಸಿರಿ. ಸಹಕಾರ ಸಂಘಗಳೂ ಊರಿನ ಸ್ಥಿತಿವಂತರೂ ಪ್ರಯಾಣದ ಮುಂಗಡವನ್ನು ಹೊರಲಿ. ಇಷ್ಟಾದರೆ ಅಂತರಘಟ್ಟೆಯಿಂದ ಬೆಂಗಳೂರು ದೂರವಾಗಲಾರದು.